ವಿಟ್‌ಗೆನ್‌ಸ್ಟೈನ್ ಶಿಷ್ಯ ಧಾರವಾಡದ ಮೇಷ್ಟ್ರು: ಪ್ರೊ. ಕೆ.ಜೆ. ಶಾ ಯಾರು? ಅವರು ಹೇಳಿದ್ದೇನು?

ಧಾರವಾಡ: 20ನೇ ಶತಮಾನದ ದೊಡ್ಡ ತತ್ತ್ವಜ್ಞಾನಿಗಳ ಪಟ್ಟಿ ಮಾಡಿದರೆ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಹೆಸರು ಬಂದೇ ಬರುತ್ತದೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಅವರು ಪಾಠ ಮಾಡಿದ ಕೊನೆಯ ವರ್ಷ 1946-47. ಆ ವರ್ಷ ಅವರ ಮುಂದೆ ಕೂತು ನೋಟ್ಸ್ ಬರೆದುಕೊಂಡ ಒಬ್ಬ ಭಾರತೀಯ ವಿದ್ಯಾರ್ಥಿ ಮುಂದೆ ನಮ್ಮ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಪ್ರಾಧ್ಯಾಪಕರಾದರು. ಅವರೇ ಪ್ರೊ. ಕೆ.ಜೆ. ಶಾ. ಬೇಂದ್ರೆ, ಮನ್ಸೂರರ ಹೆಸರು ಊರಿನ ಮಂದಿಗೆಲ್ಲ ಗೊತ್ತು. ಶಾ ಅವರ ಹೆಸರು ಮಾತ್ರ ಓದುವವರ ವಲಯದಾಚೆ ಅಷ್ಟಾಗಿ ಕೇಳಿಬರುವುದಿಲ್ಲ.

ಆ ಪಾಠ ಹೇಗಿರುತ್ತಿತ್ತು?

ವಿಟ್‌ಗೆನ್‌ಸ್ಟೈನ್ ಪಾಠ ಮಾಡುತ್ತಿದ್ದದ್ದು ದೊಡ್ಡ ಹಾಲ್‌ನಲ್ಲಿ ಅಲ್ಲ, ಟ್ರಿನಿಟಿ ಕಾಲೇಜಿನ ತಮ್ಮ ಸ್ವಂತ ಕೋಣೆಯಲ್ಲಿ. ಕೈಯಲ್ಲಿ ಟಿಪ್ಪಣಿ ಇರುತ್ತಿರಲಿಲ್ಲ. ಎಲ್ಲರೆದುರೇ ಯೋಚಿಸುತ್ತಿದ್ದರು, ತಡವರಿಸುತ್ತಿದ್ದರು, ಒಮ್ಮೊಮ್ಮೆ ಎಷ್ಟೋ ಹೊತ್ತು ಸುಮ್ಮನೆ ಕೂತುಬಿಡುತ್ತಿದ್ದರು. ಆಮೇಲೆ ಮತ್ತೆ ಶುರು.

ಆ ವರ್ಷದ ವಿಷಯ ಮನಸ್ಸಿಗೆ ಸಂಬಂಧಿಸಿದ ಮಾತುಗಳು: ಯೋಚನೆ, ನೆನಪು, ನೋವು ಇತ್ಯಾದಿ. ಒಂದು ಪದದ ಅರ್ಥ ಬೇಕಾದರೆ ಜನ ಅದನ್ನು ಎಲ್ಲೆಲ್ಲಿ, ಹೇಗೆ ಬಳಸುತ್ತಾರೆ ಅಂತ ಮೊದಲು ನೋಡಿ ಅನ್ನುವುದು ಅವರ ದಾರಿ.

ಕನ್ನಡದ್ದೇ ಉದಾಹರಣೆ ತಗೊಳ್ಳಿ. 'ನನಗೆ ಈಜು ಗೊತ್ತು', 'ನನಗೆ ಆ ಮನುಷ್ಯ ಗೊತ್ತು', 'ನಿನ್ನ ಕಷ್ಟ ನನಗೆ ಗೊತ್ತು'. ಮೂರರಲ್ಲೂ 'ಗೊತ್ತು' ಒಂದೇ, ಆದರೆ ಮಾಡುವ ಕೆಲಸ ಬೇರೆ ಬೇರೆ. ಇದನ್ನು ಗಮನಿಸದೆ 'ಗೊತ್ತು ಅಂದ್ರೆ ಏನು?' ಅಂತ ಒಂದೇ ಉತ್ತರ ಹುಡುಕಲು ಹೋದರೆ ದಾರಿ ತಪ್ಪುತ್ತೇವೆ.

ನೋಟ್ಸ್ ಪುಸ್ತಕವಾಯಿತು

1947ರ ಕೊನೆಗೆ ವಿಟ್‌ಗೆನ್‌ಸ್ಟೈನ್ ಹುದ್ದೆ ಬಿಟ್ಟರು. 1951ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟಿಸಿದ್ದು ತೀರಾ ಕಡಿಮೆ, ಹೀಗಾಗಿ ವಿದ್ಯಾರ್ಥಿಗಳ ನೋಟ್ಸ್‌ಗೆ ಬಹಳ ಬೆಲೆ. 1988ರಲ್ಲಿ ಆ ಕೊನೆಯ ವರ್ಷದ ಪಾಠಗಳು ಪುಸ್ತಕವಾಗಿ ಬಂದವು. ಅದರಲ್ಲಿ ಮೂವರ ನೋಟ್ಸ್ ಇವೆ: ಪೀಟರ್ ಗೀಚ್, ಕೆ.ಜೆ. ಶಾ ಮತ್ತು ಎ.ಸಿ. ಜಾಕ್ಸನ್. ಮೂರನ್ನೂ ಸೇರಿಸಿ ಒಂದು ಮಾಡದೆ ಬೇರೆ ಬೇರೆಯಾಗಿಯೇ ಅಚ್ಚು ಹಾಕಿದ್ದಾರೆ. ಒಂದೇ ಪಾಠ ಮೂರು ಕಿವಿಗೆ ಹೇಗೆ ಕೇಳಿಸಿತು ಅನ್ನುವುದು ಓದುಗರಿಗೆ ಕಾಣುತ್ತದೆ. ವಿಟ್‌ಗೆನ್‌ಸ್ಟೈನ್ ಬಗ್ಗೆ ಸಂಶೋಧನೆ ಮಾಡುವವರು ಈ ಪುಸ್ತಕವನ್ನು ಈಗಲೂ ತೆಗೆದು ನೋಡುತ್ತಾರೆ.

ಇನ್ನೊಂದು ವಿಷಯ. ತತ್ತ್ವಶಾಸ್ತ್ರದ ಮೇಷ್ಟ್ರಾಗಬೇಡಿ, ಕೈಕೆಲಸ ಕಲಿಯಿರಿ ಅಂತ ವಿಟ್‌ಗೆನ್‌ಸ್ಟೈನ್ ಎಷ್ಟೋ ಶಿಷ್ಯರಿಗೆ ಹೇಳುತ್ತಿದ್ದರು. ಶಾ ಮೇಷ್ಟ್ರೇ ಆದರು. ಆದರೆ ಗುರುವಿನ ಮಾತನ್ನೇ ಉರು ಹೊಡೆಯುತ್ತಾ ಕೂರಲಿಲ್ಲ, ನಮ್ಮ ಹಳೆಯ ಗ್ರಂಥಗಳ ಕಡೆ ತಿರುಗಿದರು.

ಅರ್ಥ ಅಂದ್ರೆ ಬರೀ ದುಡ್ಡಾ?

ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿ. ಅಂದಿನಿಂದ ಈ ಗ್ರಂಥಕ್ಕೆ ಒಂದು ಹೆಸರು ಅಂಟಿಕೊಂಡಿದೆ: ಇದು ದುಡ್ಡು, ದಂಡ, ಗೂಢಚಾರರ ಪುಸ್ತಕ, ಧರ್ಮಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ.

ಶಾ ಇದನ್ನು ಒಪ್ಪಲಿಲ್ಲ. 1982ರಲ್ಲಿ ಸಮಾಜಶಾಸ್ತ್ರಜ್ಞ ಟಿ.ಎನ್. ಮದನ್ ಸಂಪಾದಿಸಿದ ಪುಸ್ತಕದಲ್ಲಿ ಅವರ ಪ್ರಬಂಧವಿದೆ. (ಮದನ್ ಕೂಡ ಒಂದು ಕಾಲಕ್ಕೆ ಕರ್ನಾಟಕ ವಿವಿಯಲ್ಲಿ ಪಾಠ ಮಾಡಿದವರೇ.) ಶಾ ವಾದದ ತಿರುಳು ಇಷ್ಟು: ಧರ್ಮ, ಅರ್ಥ, ಕಾಮ ಅನ್ನುವುದು ಬೇರೆ ಬೇರೆ ಗುರಿಗಳಲ್ಲ, ಒಂದೇ ಬದುಕಿನ ಮುಖಗಳು. ಉಳಿದವನ್ನು ಬಿಟ್ಟು ಅರ್ಥವನ್ನಷ್ಟೇ ಹಿಡಿದರೆ ಅದು ಲೋಭ. ಕಾಮವನ್ನಷ್ಟೇ ಹಿಡಿದರೆ ಬರೀ ಲಂಪಟತನ. ಧರ್ಮವೂ ಅಷ್ಟೇ, ಒಂಟಿಯಾದರೆ ಅದು ಜೀವವಿಲ್ಲದ ಆಚರಣೆ.

ಕೌಟಿಲ್ಯ ಅರ್ಥವೇ ಮುಖ್ಯ ಅಂದಿದ್ದು ನಿಜ. ಆದರೆ ಅದೇ ಅಧ್ಯಾಯದಲ್ಲಿ, ಮೂರರಲ್ಲಿ ಒಂದು ಅತಿಯಾದರೆ ಅದು ತನ್ನನ್ನೂ ಕೆಡಿಸಿಕೊಳ್ಳುತ್ತದೆ, ಉಳಿದೆರಡನ್ನೂ ಕೆಡಿಸುತ್ತದೆ ಅಂತಲೂ ಹೇಳಿದ್ದಾನೆ. ಎರಡನ್ನೂ ಒಟ್ಟಿಗೆ ಓದಬೇಕು.

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲ ಇದೆ. 'ಅರ್ಥ ಆಯ್ತಾ?' ಅಂತ ದಿನಾ ಕೇಳುವ ನಾವು, ಅದೇ ಪದದಿಂದ 'ಆರ್ಥಿಕ ಪರಿಸ್ಥಿತಿ' ಅಂತಲೂ ಹೇಳುತ್ತೇವೆ. ದುಡ್ಡಿಗೂ ತಿಳಿವಳಿಕೆಗೂ ನಮ್ಮ ಮಾತಿನಲ್ಲಿ ಒಂದೇ ಪದ.

ಇವತ್ತಿಗೆ ಇದು ಯಾಕೆ ಬೇಕು?

ಧಾರವಾಡದಲ್ಲೀಗ ಎತ್ತ ನೋಡಿದರೂ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಬೋರ್ಡು. ನೌಕರಿ ಬೇಕು, ಸಂಬಳ ಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಶಾ ಕೂಡ ಅರ್ಥ ಬೇಡ ಅನ್ನಲಿಲ್ಲ, ಅದನ್ನು ಒಂಟಿ ಮಾಡಬೇಡಿ ಅಂದರು. ನಾಳೆ ಆಡಳಿತದ ಕುರ್ಚಿಯಲ್ಲಿ ಕೂರುವ ಹುಡುಗ ಹುಡುಗಿಯರು ಇದೇ ಊರಿನಲ್ಲಿ ಓದುತ್ತಿದ್ದಾರೆ. ಅರ್ಥಶಾಸ್ತ್ರದ 15 ಅಧಿಕರಣಗಳಲ್ಲಿ ಎಷ್ಟು ವಿಷಯವಿದೆ ಅಂತ ಬಾಯಿಪಾಠ ಮಾಡುವಾಗ, ಅಧಿಕಾರ ಮತ್ತು ದುಡ್ಡು ಯಾತಕ್ಕೆ ಅನ್ನುವ ಪ್ರಶ್ನೆಯನ್ನೂ ಒಮ್ಮೆ ಕೇಳಿಕೊಂಡರೆ ಒಳ್ಳೆಯದು. ಆ ಪ್ರಶ್ನೆಯನ್ನು ಇದೇ ಊರಿನ ಮೇಷ್ಟ್ರೊಬ್ಬರು ಗಂಭೀರವಾಗಿ ಕೇಳಿದ್ದರು.