ಟೋಪಿಯ ಬಿಲ್ಲೆ: ಅಸಲೋ ನಕಲೋ?

ಮೊದಲನೆಯ ಮಹಾಯುದ್ಧದ (1914–18) ಕಾಲದಲ್ಲಿ ಬ್ರಿಟನ್ನಿನ ಸಾಮಾನ್ಯ ಸೈನಿಕರ ಟೋಪಿಯ ಬಿಲ್ಲೆಗಳನ್ನು ಬಹುಮಟ್ಟಿಗೆ ಲೋಹದ ತಗಡನ್ನು ಉಕ್ಕಿನ ಅಚ್ಚುಗಳ ನಡುವೆ ಒತ್ತಿ ಮಾಡುತ್ತಿದ್ದರು. ಆದುದರಿಂದ ಮುಂದೆ ಉಬ್ಬಿದ ಚಿತ್ರವೇ ಹಿಂದೆ ತಗ್ಗಾಗಿ ಕಾಣುವುದು. ನಕಲುಗಾರನಾದರೋ ಅಸಲು ಬಿಲ್ಲೆಯನ್ನೇ ಮರಳಿನಲ್ಲಿ ಒತ್ತಿ, ಆ ಪಡಿಯಚ್ಚಿಗೆ ಕರಗಿದ ಹಿತ್ತಾಳೆಯನ್ನು ಹೊಯ್ಯುತ್ತಾನೆ. ಮರಳಿನಿಂದಾದ ಸಣ್ಣ ಕುಳಿಗಳನ್ನು ಉಜ್ಜಿ ಮರೆಸಬಹುದು, ಅಳತೆಯನ್ನು ಮರೆಸಲಾಗದು. ತಣಿಯುವಾಗ ಹಿತ್ತಾಳೆಯು ಸುಮಾರು ಶೇಕಡ 1.5ರಷ್ಟು ಕುಗ್ಗುವುದರಿಂದ, 40 ಮಿಲಿಮೀಟರ್ ಅಗಲದ ಬಿಲ್ಲೆಯ ನಕಲು 0.6 ಮಿಲಿಮೀಟರಿನಷ್ಟು ಕಿರಿದಾಗುತ್ತದೆ. ನಿಮ್ಮ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ಸಿಗೆ ಇದು ದೊಡ್ಡ ಅಂತರವೇ! ಹಾಗೆಂದು ಎರಕದ್ದೆಲ್ಲವೂ ಖೋಟಾ ಅಲ್ಲ: ಭಾರತದಲ್ಲಿ ಬೀಡುಬಿಟ್ಟಿದ್ದ ಪಲ್ಟನುಗಳಿಗೆ ಇಲ್ಲಿನ ಕುಶಲಕರ್ಮಿಗಳು ಎರಕ ಹೊಯ್ದುಕೊಟ್ಟ ಬಿಲ್ಲೆಗಳೂ ಉಂಟು. ಹಳೆಯ ಉಕ್ಕಿನ ಅಚ್ಚಿನಲ್ಲಿಯೇ ಈಚೆಗೆ ಒತ್ತಿದ ಬಿಲ್ಲೆಯ ಮುಂದಂತೂ ಕ್ಯಾಲಿಪರ್ಸಿನ ಆಟ ನಡೆಯದು.