ನನ್ನ ತಮ್ಮ ‘ರ’ ಕಲಿತದ್ದು ಹೇಗೆ?



ಮೂರನೇ ತರಗತಿಯಲ್ಲಿರುವ ನನ್ನ ತಮ್ಮ ನಿಮಗೆಲ್ಲ ಗೊತ್ತು. ಅವನಿಗೆ ‘ರ’ ಬರುತ್ತಿರಲಿಲ್ಲ, ‘ಲ’ ಅನ್ನುತ್ತಿದ್ದ. ಹೋದ ವರ್ಷ ಹಾಜರಿ ಕರೆದಾಗ ‘ಹಾಜಲ್ ಸಾಲ್’ ಅಂದರೆ ತರಗತಿಯೆಲ್ಲ ನಗುತ್ತಿತ್ತು. ಆಮೇಲೆ ಅವನು ಬಾಯೇ ಬಿಡಲಿಲ್ಲ. ಒಳಗೆ ಕೂತಿದ್ದರೂ ಎರಡು ದಿನ ಗೈರುಹಾಜರಿ ಬಿತ್ತು. ಮನೆಯಲ್ಲಿ ನಾನೂ ಅವನನ್ನು ಅಣಕಿಸಿ ನಕ್ಕಿದ್ದೇನೆ.

ನಾಲಿಗೆ ದಪ್ಪ ಅಂತ ಅಜ್ಜಿ ಬಜೆ ತೇಯ್ದು ಹಚ್ಚಿದರು. ಗುಣ ಕಾಣಲಿಲ್ಲ. ಕೊನೆಗೆ ಅಪ್ಪ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. 1965ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಕಿವಿ ಮತ್ತು ಮಾತಿನ ತೊಂದರೆ ನೋಡುತ್ತಾರೆ. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಅಲ್ಲಿ ಕಂಡದ್ದನ್ನು ಬರೆಯುತ್ತೇನೆ.

ಮೊದಲು ಕಿವಿ ಪರೀಕ್ಷೆ ಮಾಡಿದರು. ಸರಿಯಾಗಿ ಕೇಳಿಸದಿದ್ದರೆ ಸರಿಯಾಗಿ ನುಡಿಯುವುದೂ ಕಷ್ಟವಂತೆ. ಕಿವಿ ಚೆನ್ನಾಗಿತ್ತು. ನಾಲಿಗೆಯಲ್ಲೂ ದೋಷವಿರಲಿಲ್ಲ. ಆಮೇಲೆ ಮೇಡಂ ಕಾರು, ಕಾಲು ಎರಡರ ಚಿತ್ರ ಇಟ್ಟು ಒಂದೊಂದೇ ಹೆಸರು ಹೇಳಿದರು. ತಮ್ಮ ಒಂದೂ ತಪ್ಪದೆ ಬೆರಳಿಟ್ಟು ತೋರಿಸಿದ. ನನಗೆ ಆಶ್ಚರ್ಯವಾಯಿತು. ನಾನು ಅಣಕಿಸಿ ಕಾರಿಗೆ ‘ಕಾಲು’ ಅಂದಾಗ ‘ಕಾಲು ಅಲ್ಲ ಕಣಕ್ಕ, ಕಾಲು!’ ಅಂತ ಅವನು ಸಿಟ್ಟಾಗುತ್ತಿದ್ದುದು ಇದಕ್ಕೇ! ಅವನ ಕಿವಿಗೆ ‘ರ’ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ಲ.

ನೀವೂ ಮಾಡಿ ನೋಡಿ. ‘ಲ್ಲ್ಲ್’ ಎಂದು ಎಳೆಯಿರಿ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದಿರುವ ಉಬ್ಬಿಗೆ ಅಂಟಿಕೊಂಡಿರುತ್ತೆ, ಉಸಿರು ಪಕ್ಕದಿಂದ ಹೋಗುತ್ತೆ. ಈಗ ‘ರ್ರ್ರ್’ ಅನ್ನಿ. ತುದಿ ಅಂಟಿಕೊಳ್ಳುವುದಿಲ್ಲ, ಅಲ್ಲೇ ತಟ್ಟಿ ತಟ್ಟಿ ನಡುಗುತ್ತೆ. ಪ, ಬ, ಮ ಅನ್ನಲು ತುಟಿ ಮುಚ್ಚಿ ಬಿಟ್ಟರೆ ಸಾಕು, ಮಕ್ಕಳಿಗೆ ಬೇಗ ಬರುತ್ತವೆ. ನಾಲಿಗೆ ನಡುಗಿಸುವುದು ಕಷ್ಟ, ಅದಕ್ಕೇ ‘ರ’ ತಡ.

ಕನ್ನಡಿ ಮುಂದೆ ಕೂರಿಸಿ ಮೇಡಂ ‘ಟ್ರ, ಡ್ರ’ ಹೇಳಿಸಿದರು. ‘ಟ’ ಅನ್ನುವಾಗ ನಾಲಿಗೆ ಹೇಗೂ ಮೇಲೆ ಹೋಗಿರುತ್ತೆ, ಅಲ್ಲಿಂದ ‘ರ’ ಹತ್ತಿರ. ನಮ್ಮವನಿಗೆ ಬಸ್ಸಿನ ಆಟ ಇಷ್ಟ. ‘ಡ್ರ್ರ್’ ಅಂತ ಬಸ್ಸು ಬಿಡುತ್ತಾ ಬಿಡುತ್ತಾ ಒಂದು ದಿನ ‘ರ’ ಬಂದೇಬಿಟ್ಟಿತು! ಅದಾದ ಮೇಲೆ ಮೆಟ್ಟಿಲು ಹತ್ತಿದ ಹಾಗೆ. ಮೊದಲು ಅರ, ಇರಿ, ಉರು. ಆಮೇಲೆ ರವೆ, ಮರ, ಊರು. ಆಮೇಲೆ ವಾಕ್ಯ. ಕೊನೆಗೆ ಮಾತುಕತೆ. ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಕ್ಕೆ ಬಿಡುತ್ತಿರಲಿಲ್ಲ. ಮನೆಯಲ್ಲಿ ದಿನಾ ಬೆಳಿಗ್ಗೆ, ಸಂಜೆ ಹತ್ತು ಹತ್ತು ನಿಮಿಷ ನಾನೇ ಹೇಳಿಸುತ್ತಿದ್ದೆ.

ಮೇಡಂ ನನಗೊಂದು ಕಿವಿಮಾತು ಹೇಳಿದರು. ಅವನು ‘ಲೊಟ್ಟಿ ಕೊಡಕ್ಕ’ ಅಂದರೆ ‘ತಪ್ಪು, ಸರಿಯಾಗಿ ಹೇಳು’ ಅಂತ ಗದರಬಾರದು. ‘ರೊಟ್ಟಿ ಬೇಕಾ? ತಗೋ ರೊಟ್ಟಿ’ ಅನ್ನಬೇಕು. ಸರಿಯಾದ ಮಾತು ಕಿವಿಗೂ ಬಿತ್ತು, ರೊಟ್ಟಿ ಹೊಟ್ಟೆಗೂ ಬಿತ್ತು!

ಹಾಡ್ತಾ ಹಾಡ್ತಾ ರಾಗ ಅನ್ನುತ್ತಾರಲ್ಲ, ಹಾಗೆ ಈಗ ತಮ್ಮ ‘ಹಾಜರ್ ಸಾರ್’ ಅನ್ನುತ್ತಾನೆ. ಅವಸರದಲ್ಲಿ ಮಾತ್ರ ಒಮ್ಮೊಮ್ಮೆ ಹಳೆಯ ‘ಲ’ ಇಣುಕುತ್ತೆ. ಆಗ ನಗಬೇಡಿ, ಸ್ವಲ್ಪ ಕಾಯಿರಿ. ನಮ್ಮ ಶಾಲೆಯ ಚಿಕ್ಕ ತರಗತಿಗಳಲ್ಲಿ ಇಂಥವರು ಇನ್ನೂ ಇದ್ದಾರೆ. ಕೆಲವರಿಗೆ ತಾನಾಗಿಯೇ ಬರುತ್ತೆ. ಬಾರದಿದ್ದರೆ ಗುರುಗಳು ಅವರ ಮನೆಯವರಿಗೆ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಹೇಳಿಕೊಟ್ಟರೆ ನಾಲಿಗೆ ಕಲಿಯುತ್ತೆ. ನಕ್ಕರೆ ಬಾಯಿ ಮುಚ್ಚಿಹೋಗುತ್ತೆ. ಮುಚ್ಚಿದ ಬಾಯೊಳಗೆ ನಾಲಿಗೆ ಏನು ಕಲಿತೀತು?

– ಎಂಟನೇ ತರಗತಿಯ ವಿದ್ಯಾರ್ಥಿನಿ