ಹಠಮಾರಿ ಮಕ್ಕಳ ಮನವನ್ನರಿತ ಉಪಾಧ್ಯಾಯರು

ಕೆಲವು ಮಕ್ಕಳು ಹೇಳಿದ ಮಾತನ್ನು ಕೇಳರು. ಕೈಗೆ ಸಿಕ್ಕಿದುದನ್ನು ಒಡೆಯುವರು, ಸುಳ್ಳಾಡುವರು, ಮನೆ ಬಿಟ್ಟು ಓಡುವರು. ಇಂಥವರಿಗೆ ಬೆತ್ತವೇ ಮದ್ದೆಂದು ನಾವು ಬಹುಕಾಲದಿಂದ ನಂಬಿ ಬಂದಿರುವೆವು. ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಿದವರಲ್ಲಿ ಆಸ್ಟ್ರಿಯಾ ದೇಶದ ಆಗಸ್ಟ್ ಐಖ್‌ಹಾರ್ನರು ಮುಖ್ಯರು.

ಇವರು 1878ರಲ್ಲಿ ವಿಯೆನ್ನಾ ನಗರದಲ್ಲಿ ಜನಿಸಿ, ಅಲ್ಲಿಯೇ ಉಪಾಧ್ಯಾಯರಾದರು. ಮೊದಲನೆಯ ಮಹಾಯುದ್ಧವು ಮುಗಿದ 1918ರಲ್ಲಿ, ಓಬರ್‌ಹೊಲ್ಲಾಬ್ರುನ್ ಎಂಬ ಊರಿನ ನಿರಾಶ್ರಿತರ ಶಿಬಿರದಲ್ಲಿ, ದಾರಿತಪ್ಪಿದ ಮಕ್ಕಳ ಪಾಲನೆಯನ್ನು ಕೈಕೊಂಡರು. ಅಲ್ಲಿ ಯಾರ ಅಂಕೆಗೂ ಸಿಲುಕದ ಹನ್ನೆರಡು ಮಂದಿ ಹುಡುಗರಿದ್ದರು. ಅವರ ಪೂರ್ವವೃತ್ತಾಂತವನ್ನು ವಿಚಾರಿಸಲಾಗಿ, ಎಲ್ಲರೂ ಕಲಹದ ಮನೆಗಳಲ್ಲಿ ಪ್ರೀತಿ ಕಾಣದೆ, ಕ್ರೂರವಾದ ಏಟುಗಳನ್ನು ತಿಂದು ಬೆಳೆದವರೆಂದು ತಿಳಿಯಿತು.

ಇವರನ್ನು ದಂಡಿಸಬಾರದು, ಬಲಕ್ಕೆ ಬಲವನ್ನು ತೋರಬಾರದು, ಆಟಪಾಟಗಳಲ್ಲಿ ತೊಡಗಿಸಿ ಸ್ನೇಹದಿಂದಲೇ ಕಾಣಬೇಕು ಎಂದು ಐಖ್‌ಹಾರ್ನರು ಕಟ್ಟುಮಾಡಿದರು. ಮೊದಮೊದಲು ಹುಡುಗರ ಹಾವಳಿಯು ಇಮ್ಮಡಿಸಿತು. ಕಿಟಕಿ ಬಾಗಿಲುಗಳು ಮುರಿದವು. ಆದರೆ ಅವರು ಎದುರುನೋಡುತ್ತಿದ್ದ ಏಟು ಬೀಳಲೇ ಇಲ್ಲ. ಹಗೆತನಕ್ಕೆ ಆಧಾರವು ತಪ್ಪಲು, ಕೋಪವು ಕಣ್ಣೀರಾಯಿತು. ಬರಬರುತ್ತ ವಿಶ್ವಾಸವು ಬೇರೂರಿತು. ಆ ಮೇಲೆಯೇ ಅವರಿಂದ ಶಿಸ್ತನ್ನು ಅಪೇಕ್ಷಿಸಲಾಯಿತು.

ಜ್ವರವು ಒಳಗಿನ ರೋಗದ ಗುರುತಾಗಿರುವಂತೆ, ದುರ್ನಡತೆಯು ಒಳಗಿನ ನೋವಿನ ಗುರುತೆಂಬುದೇ ಅವರ ಸಿದ್ಧಾಂತದ ತಿರುಳು. ಶಿಕ್ಷೆಯಿಂದ ಹೊರಗಿನ ಗುರುತು ಅಡಗಬಹುದು. ಒಳಗಿನ ಕಾರಣವು ಉಳಿದು, ಮತ್ತೊಂದು ರೂಪದಲ್ಲಿ ತಲೆಯೆತ್ತುವುದು. ಹಾಗೆಂದು ಮಕ್ಕಳನ್ನು ಇಚ್ಛೆಬಂದಂತೆ ಬಿಡಬೇಕೆಂದು ಅವರು ಬೋಧಿಸಲಿಲ್ಲ. ಅತಿಕಾಠಿಣ್ಯದಂತೆ ಅತಿಮುದ್ದೂ ಮಗುವನ್ನು ಕೆಡಿಸುವುದೆಂದು ಎಚ್ಚರಿಸಿದರು. ತಾನು ಪ್ರೀತಿಸುವವರಿಗಾಗಿ ಮಾತ್ರ ಮಗುವು ತನ್ನ ಆಸೆಯನ್ನು ತಡೆದುಕೊಳ್ಳಲು ಕಲಿಯುವುದು.

ಅವರು ಮುಂದೆ ವಿಯೆನ್ನಾದಲ್ಲಿ ಹೆತ್ತವರಿಗೂ ಮಕ್ಕಳಿಗೂ ಸಲಹೆ ನೀಡುವ ಕೆಲಸವನ್ನು ನಡೆಸಿದರು. 1925ರಲ್ಲಿ ಅವರ ಗ್ರಂಥವು ಸಿಗ್ಮಂಡ್ ಫ್ರಾಯ್ಡರ ಮುನ್ನುಡಿಯೊಡನೆ ಪ್ರಕಟವಾಯಿತು. 1949ರಲ್ಲಿ ಅವರು ಕಾಲವಾದರು. ಇಂದಿನ ಮನಶ್ಶಾಸ್ತ್ರಜ್ಞರು ಇನ್ನೂ ಮುಂದುವರಿದು, ಮಗುವಿನ ಕಣ್ಣು ಕಿವಿಗಳಲ್ಲಿ ದೋಷವಿದೆಯೇ, ಓದುವುದರಲ್ಲಿ ತೊಡಕಿದೆಯೇ, ಯಾವ ಹೊತ್ತಿನಲ್ಲಿ ಏನು ನಡೆದಾಗ ಅದು ಕೆರಳುವುದು ಎಂಬಿವೆಲ್ಲವನ್ನೂ ಪರಿಶೀಲಿಸುವರು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವರು. ಮಗುವು ಎದುರು ನಿಂತು ಹಠ ಹಿಡಿದಾಗ ನಮ್ಮೆಲ್ಲರ ಕೈಯೂ ಮೇಲೇಳುವುದು ಸಹಜವೇ. ಆ ಕೈಯನ್ನು ಒಂದು ಗಳಿಗೆ ತಡೆದು, “ಈ ಮಗುವಿಗೆ ಏನಾಗಿದೆ?” ಎಂದು ಕೇಳಿಕೊಂಡೆವಾದರೆ, ಅದರ ಬಾಳಿನ ದಾರಿಯೇ ಬೇರೆಯಾಗಬಹುದು.